ತಂದೆಯ ಕಣ್ಣೆದುರಿನಲ್ಲೇ ಪಟ್ಟವೇರಿ ಅಳಿದ ಬಾಲಕ: ವಿಜಯನಗರದ ತಿರುಮಲರಾಯ

ಕೃಷ್ಣದೇವರಾಯನು 1524ರಲ್ಲಿ ತನ್ನ ಆರು ವರ್ಷದ ಮಗ ತಿರುಮಲನಿಗೆ ವಿಜಯನಗರದ ಪಟ್ಟ ಕಟ್ಟಿ, ತಾನೇ ಅವನ ಮಂತ್ರಿಯ ಸ್ಥಾನದಲ್ಲಿ ನಿಂತ ಪ್ರಸಂಗವು ಕರ್ನಾಟಕದ ಚರಿತ್ರೆಯಲ್ಲಿ ಅಪರೂಪದ್ದು. ಯುವರಾಜ ಪದವಿಯೆಂದರೆ ಮುಂದೆ ಆಳತಕ್ಕವನು ಯಾರೆಂಬುದರ ಘೋಷಣೆ. ಪಟ್ಟವಾದರೋ ಅರಸುತನವನ್ನೇ ಒಪ್ಪಿಸಿಕೊಡುವ ವಿಧಿ. ಇಂಗ್ಲೆಂಡಿನ ಎರಡನೆಯ ಹೆನ್ರಿಯೂ 1170ರಲ್ಲಿ ತನ್ನ ಮಗನಿಗೆ ಕಿರೀಟಧಾರಣೆ ಮಾಡಿಸಿದ್ದನಾದರೂ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ಆ ಮಗನೂ 1183ರಲ್ಲಿ ತಂದೆಗಿಂತ ಮೊದಲೇ ತೀರಿಕೊಂಡನು.

ಬಾಲಕನ ಹೆಸರು ಆ ಕಾಲದ ಶಾಸನಗಳಿಂದ ತಿಳಿಯುತ್ತದೆ. ಅವನ ವಯಸ್ಸು ಮತ್ತು ಸಾವಿನ ವಿವರಗಳಿಗೆ ಸುಮಾರು ಹತ್ತು ವರ್ಷಗಳ ಅನಂತರ ರಾಜಧಾನಿಯಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್‌ನ ಬರಹವೇ ಮುಖ್ಯ ಆಧಾರ. ಪಟ್ಟದ ಉತ್ಸವಗಳು ಎಂಟು ತಿಂಗಳು ನಡೆದವೆಂದೂ, ಆ ನಡುವೆಯೇ ಹುಡುಗನು ಕಾಯಿಲೆ ಬಿದ್ದು ಸತ್ತನೆಂದೂ ಹೇಳಿದ ಮೇಲೆ ಅವನು ವಿಷಪ್ರಯೋಗದ ಮಾತೆತ್ತುತ್ತಾನೆ: ಪ್ರಧಾನಿ ಸಾಳುವ ತಿಮ್ಮರಸನ ಮಗನೇ ವಿಷವಿಕ್ಕಿದನೆಂದು ರಾಯನು ನಂಬಿದನು. ಈ ಕ್ರಮವನ್ನು ಗಮನಿಸಬೇಕು. ಕಾಯಿಲೆ ನಡೆದ ಸಂಗತಿ, ವಿಷವು ಮಗನನ್ನು ಕಳೆದುಕೊಂಡ ತಂದೆಗೆ ಆಮೇಲೆ ಮುಟ್ಟಿದ ಸುದ್ದಿ; ಇಷ್ಟರಿಂದಲೇ ತಿಮ್ಮರಸನ ಮನೆತನವನ್ನು ಅಪರಾಧಿಯೆನ್ನುವುದು ನ್ಯಾಯವಲ್ಲ.

ಬ್ರಾಹ್ಮಣರನ್ನು ಕೊಲ್ಲುವ ವಾಡಿಕೆ ಆ ನಾಡಿನಲ್ಲಿ ಇರಲಿಲ್ಲವಾದ್ದರಿಂದ ತಿಮ್ಮರಸ, ಅವನ ಮಗ ಮತ್ತು ತಮ್ಮ, ಮೂವರ ಕಣ್ಣುಗಳನ್ನೂ ಕೀಳಿಸಿ ಸೆರೆಯಲ್ಲಿಡಲಾಯಿತೆಂದು ಅದೇ ಬರಹ ತಿಳಿಸುತ್ತದೆ. ಹಿಂದೊಮ್ಮೆ, ಮರಣಶಯ್ಯೆಯಲ್ಲಿದ್ದ ವೀರನರಸಿಂಹನು ತನ್ನ ಎಂಟು ವರ್ಷದ ಮಗನಿಗೆ ಪಟ್ಟ ದಕ್ಕಲೆಂದು ತಮ್ಮ ಕೃಷ್ಣರಾಯನ ಕಣ್ಣು ಕೀಳಿಸಲು ಆಜ್ಞಾಪಿಸಿದಾಗ, ಮೇಕೆಯ ಕಣ್ಣುಗಳನ್ನು ತಂದು ತೋರಿಸಿ ಅವನನ್ನು ಉಳಿಸಿದವನು ಇದೇ ತಿಮ್ಮರಸನೆಂಬುದೂ ನ್ಯೂನಿಜ್‌ನ ಕಥನವೇ. ಎಳೆಯ ವಾರಸುದಾರನ ಸುತ್ತ ಎಂಥ ಅಪಾಯಗಳು ಹೆಣೆದುಕೊಳ್ಳುತ್ತವೆಂಬುದನ್ನು ಸ್ವತಃ ಉಂಡಿದ್ದ ಅರಸನು, ಮಗನ ಹಕ್ಕನ್ನು ತನ್ನ ಜೀವಿತದಲ್ಲೇ ಭದ್ರಪಡಿಸಲು ಅವಸರಪಟ್ಟದ್ದು ಸಹಜವೆನಿಸುತ್ತದೆ.

1529ರಲ್ಲಿ ರಾಯನು ತೀರಿಕೊಂಡಾಗ ತಿರುಮಲ ಬದುಕಿದ್ದಿದ್ದರೆ ಅವನಿಗೆ ಹನ್ನೊಂದರ ಆಸುಪಾಸು. ಆಗ ಉಳಿದಿದ್ದ ಮಗ ಹದಿನೆಂಟು ತಿಂಗಳ ಕೂಸು. ರಾಯನು ಈ ಬಾರಿ ಕೂಸಿಗೆ ಪಟ್ಟ ಕಟ್ಟುವ ಮಾತೆತ್ತದೆ, ರಾಜ್ಯವನ್ನು ತಮ್ಮ ಅಚ್ಯುತರಾಯನಿಗೆ ಬಿಟ್ಟುಹೋದನು.