ಹಣೆಯ ಮೇಲಿನ ವಿಭೂತಿ

ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರದಂದು ನಮ್ಮ ಚರ್ಚುಗಳು ತುಂಬಿ ತುಳುಕುತ್ತವೆ. ಇದು ಕಡ್ಡಾಯ ಹಬ್ಬದ ದಿನವಲ್ಲ, ಅಂದು ಪೂಜೆಗೆ ಬಾರದಿದ್ದರೆ ದೋಷವೂ ಇಲ್ಲ. ಆದರೂ ಭಾನುವಾರಗಳಲ್ಲಿ ಕಾಣಸಿಗದ ಮುಖಗಳು ಅಂದು ಸಾಲಿನಲ್ಲಿ ನಿಂತಿರುತ್ತವೆ. ಬೂದಿ ಹಚ್ಚಿಸಿಕೊಂಡ ಕೂಡಲೇ ಕೆಲವರು ಪರಮಪ್ರಸಾದಕ್ಕೂ ಕಾಯದೆ ಹೊರಟುಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಬೂದಿ ಎಲ್ಲಿಂದ ಬಂತು, ಅದರಿಂದ ನಮಗೆ ಸಿಗುವುದೇನು ಎಂಬುದನ್ನು ತಿಳಿಯುವ ಪ್ರಯತ್ನ ಇಲ್ಲಿದೆ.

ಬೂದಿಯ ಮೂಲ ನಮ್ಮ ಮನೆಗಳಲ್ಲೇ ಇದೆ. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ನಾವು ಮನೆಯ ಪೀಠದಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತೇವೆ. ಕರಾವಳಿಯಲ್ಲಿ ಅವು ಹೆಚ್ಚಾಗಿ ತೆಂಗಿನ ಎಳೆ ಗರಿಗಳು. ವರ್ಷ ಕಳೆದು ಒಣಗಿದ ಅವನ್ನು ಚರ್ಚಿಗೆ ಮರಳಿಸಿದಾಗ ಸುಟ್ಟು ಬೂದಿ ಮಾಡಲಾಗುತ್ತದೆ. ಪ್ರಭುವಿಗೆ ಜಯಕಾರ ಹಾಕಿದ ಗರಿಯೇ ಮರುವರ್ಷ ನಮ್ಮ ತಲೆಯ ಮೇಲಿನ ಧೂಳಾಗುತ್ತದೆ.

ಪ್ರಾಚೀನ ಧರ್ಮಸಭೆಯಲ್ಲಿ ಬೂದಿ ಎಲ್ಲರಿಗೂ ಇರಲಿಲ್ಲ. ಊರಿಗೇ ತಿಳಿಯುವಂತಹ ಘೋರ ಪಾಪ ಮಾಡಿದವರು ಗೋಣಿಯಂತಹ ಒರಟು ಬಟ್ಟೆ ಉಟ್ಟು, ಬೂದಿ ಧರಿಸಿ, ಬಹಿರಂಗ ಪ್ರಾಯಶ್ಚಿತ್ತಕ್ಕೆ ನಿಲ್ಲಬೇಕಾಗಿತ್ತು. ತಪಸ್ಸುಕಾಲದ ಆರಂಭದಲ್ಲಿ ಅವರನ್ನು ದೇವಾಲಯದಿಂದ ಹೊರಗೆ ಕಳುಹಿಸಿ, ಪವಿತ್ರ ಗುರುವಾರದಂದು ಮತ್ತೆ ಒಳಗೆ ಬರಮಾಡಿಕೊಳ್ಳುವ ಪದ್ಧತಿ ರೋಮಿನಲ್ಲಿತ್ತು. ಕಾಲಕ್ರಮೇಣ ಈ ಪದ್ಧತಿ ಮರೆಯಾಯಿತು, ಬೂದಿ ಮಾತ್ರ ಉಳಿಯಿತು. ತಾವೂ ಪಾಪಿಗಳೇ ಎಂದು ಒಪ್ಪಿಕೊಂಡು ಉಳಿದ ವಿಶ್ವಾಸಿಗಳೂ ಅದನ್ನು ಧರಿಸತೊಡಗಿದರು. ಜಗದ್ಗುರು ಎರಡನೇ ಅರ್ಬನ್ ಅವರ ಕಾಲದಲ್ಲಿ, 1091ರಲ್ಲಿ, ಇಟಲಿಯ ಬೆನೆವೆಂತೊದಲ್ಲಿ ನಡೆದ ಸಭೆಯು ಗುರುಗಳೂ ಜನಸಾಮಾನ್ಯರೂ ಎಲ್ಲರೂ ಬೂದಿ ಸ್ವೀಕರಿಸಬೇಕೆಂದು ವಿಧಿಸಿತು. ಹೀಗೆ, ಇಂದು ಭಕ್ತಿಯ ಗುರುತಾಗಿ ಕಾಣುವ ಈ ಬೂದಿ ಮೂಲತಃ ಅಪರಾಧಿಯ ಗುರುತು.

ಅಂದು ಓದುವ ಶುಭಸಂದೇಶವೂ ಯೋಚಿಸುವಂಥದ್ದು. ಮತ್ತಾಯನ ಆರನೇ ಅಧ್ಯಾಯದಲ್ಲಿ ಪ್ರಭು ಯೇಸು, ಜನರು ನೋಡಲೆಂದು ದಾನ ಮಾಡುವವರನ್ನು, ಬೀದಿಯಲ್ಲಿ ನಿಂತು ಪ್ರಾರ್ಥಿಸುವವರನ್ನು, ಉಪವಾಸ ತೋರಲೆಂದು ಮುಖ ಕೆಡಿಸಿಕೊಳ್ಳುವವರನ್ನು ಖಂಡಿಸುತ್ತಾರೆ. ಉಪವಾಸದ ದಿನ ಮುಖ ತೊಳೆದುಕೊಂಡಿರಬೇಕೆಂದು ಬೋಧಿಸುತ್ತಾರೆ. ಇದನ್ನು ಕೇಳಿ, ಪ್ರಸಂಗ ಮುಗಿದ ಕೂಡಲೇ ನಾವು ಎದ್ದುಹೋಗಿ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತೇವೆ! ಇದು ವಿರೋಧಾಭಾಸವಲ್ಲವೇ ಎಂದು ಧರ್ಮೋಪದೇಶ ತರಗತಿಯ ಮಕ್ಕಳು ಕೇಳುವುದುಂಟು. ಮಕ್ಕಳ ಪ್ರಶ್ನೆ ಸರಿಯಾಗಿದೆ. ಬೂದಿಯನ್ನು ಬಹುಮಾನದಂತೆ ಧರಿಸಿದರೆ ಅದು ವಿರೋಧಾಭಾಸವೇ. ಪಾಪದ ಒಪ್ಪಿಗೆಯಾಗಿ ಧರಿಸಿದರೆ ಅಲ್ಲ. ಅಂದಿನ ಪೂಜಾವಿಧಿಯೇ ಇದಕ್ಕೆ ಸಾಕ್ಷಿ: ಬೂದಿ ಹಚ್ಚುವ ವಿಧಿ ಇರುವುದರಿಂದ ಪೂಜೆಯ ಆರಂಭದ ಪಶ್ಚಾತ್ತಾಪ ವಿಧಿಯನ್ನು ಬಿಡಲಾಗುತ್ತದೆ. ಎರಡೂ ಮಾಡುವ ಕೆಲಸ ಒಂದೇ. ಹೃದಯವನ್ನು ಬಿಟ್ಟು ಬಟ್ಟೆಯನ್ನಷ್ಟೇ ಹರಿದುಕೊಳ್ಳುವವರನ್ನು ಎಚ್ಚರಿಸುವ ಯೋವೇಲ ಪ್ರವಾದಿಯ ವಾಚನವೂ ಅಂದೇ ಇದೆ.

ಬೂದಿಯು ಏಳು ಸಂಸ್ಕಾರಗಳಲ್ಲಿ ಒಂದಲ್ಲ, ಅದೊಂದು ಉಪಸಂಸ್ಕಾರ. ತನ್ನಷ್ಟಕ್ಕೆ ಅದು ಪಾಪ ತೊಳೆಯುವುದಿಲ್ಲ. ಅದಕ್ಕೆ ಪಾಪನಿವೇದನೆ ಇದೆ. ವಿಭೂತಿ ಬುಧವಾರದ ಸಾಲಿಗೂ ಪಾಪನಿವೇದನೆಯ ಸಾಲಿಗೂ ಇರುವ ಅಂತರವನ್ನು ಯಾವ ಧರ್ಮಕೇಂದ್ರದಲ್ಲಾದರೂ ನೋಡಬಹುದು.

ಇನ್ನು ಉಪವಾಸದ ವಿಚಾರ. 1966ರಲ್ಲಿ ಜಗದ್ಗುರು ಆರನೇ ಪೌಲರು ಈ ನಿಯಮಗಳನ್ನು ಸಡಿಲಗೊಳಿಸಿದರು. ಈಗಿರುವ ಧರ್ಮಸಭೆಯ ಕಾನೂನಿನಂತೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಉಪವಾಸ, 14 ತುಂಬಿದ ಎಲ್ಲರಿಗೂ ಮಾಂಸವರ್ಜನೆ. ಮೀನಿಗೆ ನಿಷೇಧವಿಲ್ಲ. ಮೀನು ಅಪರೂಪವಾದ ಊರಿನವರಿಗೆ ಇದು ಒಂದು ತ್ಯಾಗವಾಗಿರಬಹುದು. ದಿನವೂ ಮೀನು ತಿನ್ನುವ ನಮಗೆ ಏನು ತ್ಯಾಗ? ಕೋಳಿಗಿಂತ ದುಬಾರಿಯಾದ ಅಂಜಲ್ ಹುರಿದು ತಿಂದವರೂ ಕಾನೂನನ್ನು ಪಾಲಿಸಿದಂತೆಯೇ. ಗಂಜಿ, ಉಪ್ಪಿನಕಾಯಿಯಲ್ಲಿ ದಿನ ಕಳೆಯುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಕಾನೂನಿನ ಕಲಮು ಗೊತ್ತಿರಲಿಲ್ಲ, ಉಪವಾಸ ಎಂದರೇನೆಂದು ಗೊತ್ತಿತ್ತು. ಸಂತ ಜಾನ್ ಕ್ರಿಸೊಸ್ತೊಮರು 387ರ ತಪಸ್ಸುಕಾಲದಲ್ಲಿ ಅಂತಿಯೋಕ್ಯದಲ್ಲಿ ಮಾಡಿದ ಪ್ರಸಂಗಗಳಲ್ಲಿ ಇದೇ ವಿಷಯ ಬರುತ್ತದೆ: ಕೋಳಿ, ಮೀನು ಎರಡನ್ನೂ ಬಿಟ್ಟು, ನಾಲಗೆಯಿಂದ ಸಹೋದರರನ್ನು ಕಚ್ಚಿ ತಿನ್ನುವವರ ಉಪವಾಸದಿಂದ ಏನು ಪ್ರಯೋಜನ ಎಂದು ಅವರು ಕೇಳಿದ್ದರು.

ನಮ್ಮಲ್ಲಿ ಈ ಪ್ರಶ್ನೆ ಬಂದು ತಾಗುವುದು ಆಸ್ತಿಯ ಪಾಲಿನಲ್ಲಿ. ಐದು ಸೆಂಟ್ಸ್ ಜಾಗಕ್ಕಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಒಂದೇ ಪೂಜೆಯಲ್ಲಿ, ಒಂದೇ ಬಟ್ಟಲಿನ ಬೂದಿ ಹಚ್ಚಿಸಿಕೊಂಡು, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಮೊದಲು ಸಹೋದರನೊಡನೆ ರಾಜಿಯಾಗಿ ಆಮೇಲೆ ಪೀಠಕ್ಕೆ ಕಾಣಿಕೆ ತರಬೇಕೆಂಬ ಪ್ರಭುವಿನ ಬೋಧನೆ ಇರುವುದೂ ಅದೇ ಮತ್ತಾಯನ ಶುಭಸಂದೇಶದಲ್ಲಿ, ವಿಭೂತಿ ಬುಧವಾರದ ವಾಚನಕ್ಕಿಂತ ಒಂದೇ ಅಧ್ಯಾಯ ಹಿಂದೆ.

ಕರಾವಳಿಯ ಕಥೋಲಿಕರಿಗೆ ಈ ದಿನದ ಇನ್ನೊಂದು ನೆನಪೂ ಇದೆ. 1784ರ ಫೆಬ್ರವರಿಯಲ್ಲಿ, ತಪಸ್ಸುಕಾಲದ ಹೊಸ್ತಿಲಲ್ಲೇ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಬಂಧಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅದು ವಿಭೂತಿ ಬುಧವಾರವೆಂದೇ ಸಮುದಾಯವು ನೆನಪಿಟ್ಟುಕೊಂಡಿದೆ. ಧರ್ಮಗುರುಗಳನ್ನು ಗೋವಾಕ್ಕೆ ಅಟ್ಟಲಾಯಿತು, ಅನೇಕ ಚರ್ಚುಗಳು ನೆಲಸಮವಾದವು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಮರಳಿ ಬಂದು ಚರ್ಚುಗಳನ್ನು ಮತ್ತೆ ಕಟ್ಟಿದರು. ನಡುವಿನ ಹದಿನೈದು ವರ್ಷ ಅವರಿಗೆ ಊರ ಚರ್ಚಿನ ಗಂಟೆಯಿಲ್ಲ, ಮೆರವಣಿಗೆಯಿಲ್ಲ, ಗರಿಯಿಲ್ಲ. ಆದರೂ ಮರಳಿ ಬಂದವರಿಗೆ ಚರ್ಚು ಕಟ್ಟಬೇಕೆನಿಸಿತು. ಹೊರಗಿನ ಗುರುತೆಲ್ಲ ಹೋದ ಮೇಲೂ ಉಳಿದದ್ದು ಏನೆಂದು ಕೇಳುವವರಿಗೆ ನಾವು ದೂರದ ಸಂತರ ಚರಿತ್ರೆ ತೆರೆಯಬೇಕಾಗಿಲ್ಲ.

ಹಣೆಯ ಮೇಲೆ ಶಿಲುಬೆ ಬರೆಯುವುದೊಂದೇ ಕ್ರಮವಲ್ಲ ಎಂಬುದನ್ನೂ ಹೇಳಬೇಕು. ಇಟಲಿಯಲ್ಲಿ ನೆತ್ತಿಯ ಮೇಲೆ ಬೂದಿ ಉದುರಿಸುವ ಸಂಪ್ರದಾಯವಿದೆ. ಕೂದಲಲ್ಲಿ ಬಿದ್ದ ಬೂದಿ ಹೊರಗೆ ಬಂದ ಮೇಲೆ ಕಾಣುವುದೇ ಕಷ್ಟ. ಕೊರೊನಾ ಕಾಲದಲ್ಲಿ, 2021ರ ಜನವರಿಯಲ್ಲಿ, ವ್ಯಾಟಿಕನ್ನಿನಿಂದ ಇಡೀ ಜಗತ್ತಿಗೇ ಹೀಗೆ ಮಾಡುವ ಸೂಚನೆ ಬಂತು: ಗುರುಗಳು ವಿಧಿಯ ಮಾತನ್ನು ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳಿ, ಮಾಸ್ಕ್ ಧರಿಸಿ, ಪ್ರತಿಯೊಬ್ಬರ ತಲೆಯ ಮೇಲೆ ಮೌನವಾಗಿ ಬೂದಿ ಉದುರಿಸಬೇಕು. ಆ ವರ್ಷದ ಫೆಬ್ರವರಿ 17ರಂದು ಈ ಸೂಚನೆ ಪಾಲಿಸಿದ ಕಡೆ, ಯಾರು ಬೂದಿ ಪಡೆದರು, ಯಾರು ಪಡೆಯಲಿಲ್ಲ ಎಂದು ಹಣೆ ನೋಡಿ ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ.