ಬೆಣಚುಕಲ್ಲಿನಿಂದ ನ್ಯಾನೋ ಪದರಕ್ಕೆ: ಬೆಂಗಳೂರಿನಲ್ಲಿ ಡೊಮೇನ್ ಅಧ್ಯಯನದ ಇತಿಹಾಸ

ಕೆಲವು ಹರಳುಗಳೊಳಗೆ ಧನ ಮತ್ತು ಋಣ ವಿದ್ಯುದಂಶಗಳ ಕೇಂದ್ರಗಳು ಒಂದಕ್ಕೊಂದು ಸರಿದು ನಿಂತಿರುತ್ತವೆ. ಹೀಗೆ ತಾನಾಗಿಯೇ ಧ್ರುವೀಕರಣಗೊಂಡು, ಹೊರಗಿನಿಂದ ವಿದ್ಯುತ್ ಕ್ಷೇತ್ರ ಕೊಟ್ಟಾಗ ಆ ಧ್ರುವೀಕರಣದ ದಿಕ್ಕನ್ನು ಬದಲಿಸಬಲ್ಲ ಹರಳುಗಳಿಗೆ ಫೆರೋಎಲೆಕ್ಟ್ರಿಕ್ ಎಂದು ಹೆಸರು. ಇಡೀ ಹರಳು ಒಂದೇ ದಿಕ್ಕಿಗೆ ಧ್ರುವೀಕರಣಗೊಂಡಿರುವುದು ಅಪರೂಪ. ಸಾಮಾನ್ಯವಾಗಿ ಅದು ಬೇರೆ ಬೇರೆ ದಿಕ್ಕಿನ ಭಾಗಗಳಾಗಿ ಹಂಚಿಹೋಗಿರುತ್ತದೆ. ಈ ಭಾಗಗಳೇ ಡೊಮೇನ್‌ಗಳು.

ಈ ಗುಣವನ್ನು 1920ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜೋಸೆಫ್ ವಲಾಸೆಕ್ ರೋಶೆಲ್ ಲವಣದಲ್ಲಿ ಕಂಡರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೇರಿಯಂ ಟೈಟನೇಟ್ ಬೆಳಕಿಗೆ ಬಂತು. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅದರಲ್ಲಿ ಧ್ರುವೀಕರಣ ಇರುವುದಿಲ್ಲ, ತಣಿದಾಗ ಮೂಡುತ್ತದೆ. ಹರಳು ಒಂದು ರೂಪದಿಂದ ಇನ್ನೊಂದಕ್ಕೆ ಹೊರಳುವ ಆ ಕ್ಷಣದಲ್ಲಿ ಒಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆಗೆ ಮೊದಲ ಸುಳಿವು ಸಿಕ್ಕಿದ್ದು ಬೆಂಗಳೂರಿನಲ್ಲಿ.

1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ವಿ. ರಾಮನ್ ಮತ್ತು ಟಿ.ಎಂ.ಕೆ. ನೆಡುಂಗಾಡಿ ಬೆಣಚುಕಲ್ಲಿನ ಹರಳನ್ನು ಕಾಯಿಸುತ್ತಾ ಅದರ ರಾಮನ್ ರೋಹಿತವನ್ನು ದಾಖಲಿಸಿದರು. ಬೆಣಚುಕಲ್ಲು 573 ಡಿಗ್ರಿಯಲ್ಲಿ ಆಲ್ಫಾ ರೂಪದಿಂದ ಬೀಟಾ ರೂಪಕ್ಕೆ ತಿರುಗುತ್ತದೆ. ಆ ಉಷ್ಣತೆ ಹತ್ತಿರವಾದಂತೆ ರೋಹಿತದ ಒಂದು ಗೆರೆ ಅಗಲವಾಗಿ, ಮಸುಕಾಗಿ, ಕೆಳಗಿನ ಕಂಪನಾಂಕದತ್ತ ಸರಿಯಿತು. ಪರಮಾಣುಗಳನ್ನು ಮರಳಿ ಸ್ವಸ್ಥಾನಕ್ಕೆ ಎಳೆಯುವ ಬಲ ಕುಗ್ಗುತ್ತಿದೆ ಎಂಬುದು ಇದರ ಅರ್ಥ. ಈ ಫಲಿತಾಂಶ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು ಎರಡು ದಶಕಗಳ ಬಳಿಕ ವಿಲಿಯಂ ಕಾಕ್ರನ್ ಮತ್ತು ಫಿಲಿಪ್ ಆಂಡರ್ಸನ್ ಫೆರೋಎಲೆಕ್ಟ್ರಿಕ್ ಹರಳುಗಳಲ್ಲೂ ಒಂದು ಕಂಪನ ಹೀಗೆಯೇ ಮೆದುವಾಗಿ ಧ್ರುವೀಕರಣಕ್ಕೆ ದಾರಿ ಮಾಡುತ್ತದೆ ಎಂಬ ಸಿದ್ಧಾಂತವನ್ನು ಪ್ರತ್ಯೇಕವಾಗಿ ಕಟ್ಟಿದರು.

ಬೆಣಚುಕಲ್ಲು ಫೆರೋಎಲೆಕ್ಟ್ರಿಕ್ ಅಲ್ಲ. ಆದರೂ ಅದರಲ್ಲಿ ಡೊಮೇನ್‌ಗಳುಂಟು. ಆಲ್ಫಾ ರೂಪ ಎರಡು ದಿಕ್ಕುಗಳಲ್ಲಿ ನೆಲೆಗೊಳ್ಳಬಲ್ಲುದರಿಂದ ಒಂದೇ ಹರಳಿನೊಳಗೆ ಎರಡೂ ಅಕ್ಕಪಕ್ಕ ಉಳಿಯುತ್ತವೆ. ಇವನ್ನು ಡೋಫಿನೆ ಅವಳಿಗಳು ಎನ್ನುತ್ತಾರೆ. ರೂಪಾಂತರದ ಉಷ್ಣತೆಯ ಬಳಿ ಈ ಅವಳಿಗಳು ಕಿರಿದಾಗುತ್ತಾ ಸಂಖ್ಯೆಯಲ್ಲಿ ಹೆಚ್ಚುವುದನ್ನು 1970ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿಕೊಟ್ಟಿತು.

ಫೆರೋಎಲೆಕ್ಟ್ರಿಕ್ ಹರಳು ತೆಳುವಾದಂತೆ ಡೊಮೇನ್‌ಗಳ ವಿನ್ಯಾಸವೂ ಬದಲಾಗುತ್ತದೆ. ಧ್ರುವೀಕರಣ ಮೇಲ್ಮೈಗೆ ತಾಗಿದಲ್ಲಿ ವಿದ್ಯುದಂಶ ಕೂಡಿಕೊಂಡು, ಧ್ರುವೀಕರಣವನ್ನೇ ಅಳಿಸಲು ಹವಣಿಸುವ ಕ್ಷೇತ್ರ ಹುಟ್ಟುತ್ತದೆ. ಮೇಲೆ ಮುಖ ಮಾಡಿದ ಪಟ್ಟಿಯ ಪಕ್ಕದಲ್ಲೇ ಕೆಳಗೆ ಮುಖ ಮಾಡಿದ ಪಟ್ಟಿ ಬಂದರೆ ಈ ಕ್ಷೇತ್ರ ಕುಗ್ಗುತ್ತದೆ. ಆದರೆ ಪ್ರತಿ ಡೊಮೇನ್ ಗೋಡೆಗೂ ಶಕ್ತಿ ಬೇಕು. ಈ ಎರಡರ ಸಮತೋಲದಲ್ಲಿ ಪಟ್ಟಿಯ ಅಗಲವು ಪದರದ ದಪ್ಪದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ: ದಪ್ಪ ನಾಲ್ಕನೆಯ ಒಂದು ಪಾಲಾದರೆ ಅಗಲ ಅರ್ಧವಾಗುತ್ತದೆ. ಲ್ಯಾಂಡೌ, ಲಿಫ್‌ಶಿಟ್ಸ್ ಮತ್ತು ಕಿಟಲ್ ಅಯಸ್ಕಾಂತಗಳಿಗೆ ಹೇಳಿದ ನಿಯಮ ಇಲ್ಲಿಯೂ ಸಲ್ಲುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸ ಎರಡು ದಾರಿಗಳಲ್ಲಿ ಸಾಗಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಬಿ. ಕೃಪಾನಿಧಿ ಅವರ ತಂಡ ಲೇಸರ್ ಬಳಸಿ ತೆಳು ಪದರಗಳನ್ನು ತಯಾರಿಸಿತು, ಕೆ.ಬಿ.ಆರ್. ವರ್ಮ ಅವರ ತಂಡ ಗಾಜಿನೊಳಗೆ ನ್ಯಾನೋ ಗಾತ್ರದ ಫೆರೋಎಲೆಕ್ಟ್ರಿಕ್ ಹರಳುಗಳನ್ನು ಬೆಳೆಸಿತು. ಇನ್ನೊಂದು ದಾರಿ ಲೆಕ್ಕಾಚಾರದ್ದು. 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉಮೇಶ್ ವಾಘ್ಮರೆ ಕ್ವಾಂಟಂ ಸಿದ್ಧಾಂತದ ತಳಹದಿಯಿಂದ ಹೊರಟು ಈ ಹರಳುಗಳ ವರ್ತನೆಯನ್ನು ಗಣಕದಲ್ಲಿ ಲೆಕ್ಕ ಹಾಕಿದರು. ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅತಿ ತೆಳು ಬೇರಿಯಂ ಟೈಟನೇಟ್ ಪದರದ ಬಗ್ಗೆ ಜಪಾನಿನ ಸಂಶೋಧಕರ ಜತೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಮುಖ್ಯ ಅಂಶವನ್ನು ತೋರಿಸಿತು: ಎಲೆಕ್ಟ್ರೋಡ್ ಮೇಲ್ಮೈ ವಿದ್ಯುದಂಶವನ್ನು ಪೂರ್ತಿ ಸರಿದೂಗಿಸದಿದ್ದರೆ, ಕಡಿಮೆ ಉಷ್ಣತೆಯಲ್ಲಿ ಪಟ್ಟಿ ಡೊಮೇನ್‌ಗಳೇ ಸ್ಥಿರವಾಗುತ್ತವೆ.

ಪಟ್ಟಿಗಳ ಆಚೆಗೆ ಸುಳಿಗಳೂ ಇವೆ. ನ್ಯಾನೋ ಹರಳಿನಲ್ಲಿ ಧ್ರುವೀಕರಣ ಸುತ್ತಿಕೊಳ್ಳಬಲ್ಲದು ಎಂದು 2004ರಲ್ಲಿ ಅಮೆರಿಕದ ಲೆಕ್ಕಾಚಾರವೊಂದು ಸೂಚಿಸಿತ್ತು. ಸೀಸದ ಟೈಟನೇಟ್ ಮತ್ತು ಸ್ಟ್ರಾಂಷಿಯಂ ಟೈಟನೇಟ್ ಪದರಗಳನ್ನು ಒಂದರ ಮೇಲೊಂದು ಬೆಳೆಸಿದಾಗ ಅಂಥ ಸುಳಿಗಳು ಕಂಡದ್ದು 2016ರಲ್ಲಿ ವರದಿಯಾಯಿತು. ಕೋಣೆಯ ಉಷ್ಣತೆಯಲ್ಲೇ ಗಂಟಿನಂಥ ‘ಸ್ಕಿರ್ಮಿಯಾನ್’ ವಿನ್ಯಾಸಗಳು 2019ರಲ್ಲಿ ದೊರೆತವು. ಈ ಎರಡೂ ಕೆಲಸಗಳು ನಡೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ರಾಮಮೂರ್ತಿ ರಮೇಶ್ ಅವರ ತಂಡದಲ್ಲಿ. ಎರಡನೆಯ ಪ್ರಬಂಧದ ಮೊದಲ ಲೇಖಕ ಸುಜಿತ್ ದಾಸ್ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಂಶೋಧನೆ ಮುಂದುವರಿಸಿದರು.

ಕಡಿಮೆ ವಿದ್ಯುತ್ತಿನಲ್ಲಿ ಮಾಹಿತಿ ಹಿಡಿದಿಡುವ ಸ್ಮೃತಿಕೋಶ ಮತ್ತು ಸೂಕ್ಷ್ಮ ಸಂವೇದಕಗಳಿಗೆ ಈ ವಿನ್ಯಾಸಗಳು ನೆರವಾಗಬಹುದೆಂಬ ನಿರೀಕ್ಷೆಯಿದೆ. ಸುಳಿಗಳನ್ನು ಮೊದಲು ಕಂಡ ಊರು ಬೆಂಗಳೂರಲ್ಲ. ಆದರೆ ರೂಪಾಂತರದ ಮುನ್ನ ಹರಳಿನ ಕಂಪನ ಮೆದುವಾಗುತ್ತದೆ ಎಂಬ ಮೂಲ ಅರಿವು ರಾಮನ್ ಮತ್ತು ನೆಡುಂಗಾಡಿಯವರದು. ಈ ಕ್ಷೇತ್ರದ ಇತಿಹಾಸದಲ್ಲಿ 1940ರ ಆ ಪ್ರಯೋಗಕ್ಕೆ ಮೊದಲ ಸಾಲಿನ ಸ್ಥಾನ ಸಲ್ಲಬೇಕು.