ಶಾಲೆಯ ರಂಗಶಿಕ್ಷಕರು: ಎರಡು ಪರಂಪರೆಗಳ ನಡುವೆ

ಕರ್ನಾಟಕದ ಶಾಲಾ ರಂಗಶಿಕ್ಷಣದ ಚರಿತ್ರೆಯನ್ನು ಸಾಮಾನ್ಯವಾಗಿ ಆಧುನಿಕ ರಂಗಭೂಮಿಯಿಂದ ಆರಂಭಿಸಲಾಗುತ್ತದೆ. ಆದರೆ ಅದಕ್ಕೂ ಮೊದಲೇ ಹಳ್ಳಿಗಳಲ್ಲಿ ನಾಟಕ ಕಲಿಸುವ ಮೇಷ್ಟ್ರುಗಳಿದ್ದರು. ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು, ಹಾರ್ಮೋನಿಯಂ ನುಡಿಸುತ್ತ, ಅಕ್ಷರ ಬಾರದವರಿಗೂ ಬಾಯಿಪಾಠದಿಂದಲೇ ಮಾತು, ಹಾಡುಗಳನ್ನು ಕಲಿಸುತ್ತಿದ್ದ ಅವರ ಶ್ರಮವೆಲ್ಲ ಒಂದು ರಾತ್ರಿಯ ಪ್ರದರ್ಶನದಲ್ಲಿ ಸಾರ್ಥಕವಾಗುತ್ತಿತ್ತು.

ಶೈಕ್ಷಣಿಕ ರಂಗಭೂಮಿಯ ಮೂಲ ಬೇರೆ. 1965ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್ ನಟ-ಶಿಕ್ಷಕರ ತಂಡವನ್ನು ಶಾಲೆಗಳಿಗೆ ಕಳುಹಿಸಿತು. ಮಕ್ಕಳು ಕೇವಲ ಪ್ರೇಕ್ಷಕರಾಗಿ ಉಳಿಯದೆ, ಕಥೆಯೊಳಗೆ ಪಾಲ್ಗೊಂಡು ವಿಚಾರ ಮಾಡುವುದೇ ಅಲ್ಲಿಯ ಗುರಿ. ರಾಷ್ಟ್ರೀಯ ನಾಟಕ ಶಾಲೆಯು 1989ರಲ್ಲಿ ಶೈಕ್ಷಣಿಕ ರಂಗಭೂಮಿಗೆಂದೇ ತಂಡವೊಂದನ್ನು ಕಟ್ಟಿತು. ಕರ್ನಾಟಕದಲ್ಲಿ ಬೆನಕ ಮಕ್ಕಳ ಕೇಂದ್ರ (1979) ಮತ್ತು ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ (1980) ನೆಲವನ್ನು ಹದಗೊಳಿಸಿದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆಗಳೊಡನೆ ರಂಗಕಲೆಯನ್ನೂ ಶಾಲಾ ಶಿಕ್ಷಣದ ಅಂಗವಾಗಿ ಪರಿಗಣಿಸಿತು.

ಇಂದಿನ ರಂಗಶಿಕ್ಷಕರು ಈ ಎರಡೂ ಪರಂಪರೆಗಳ ವಾರಸುದಾರರು; ತೊಡಕು ಇರುವುದೂ ಇಲ್ಲಿಯೇ. ಅವರ ತರಬೇತಿ ತರಗತಿಯ ಪ್ರತಿ ಮಗುವನ್ನೂ ಉದ್ದೇಶಿಸಿದ್ದು; ಶಾಲೆಗಳು ಬಹುಮಟ್ಟಿಗೆ ಅವರಿಂದ ಬಯಸುವುದು ವಾರ್ಷಿಕೋತ್ಸವದ ನಾಟಕವನ್ನು. ಆಗ ಮಾತು ಸ್ಪಷ್ಟವಾಗಿರುವ ನಾಲ್ಕಾರು ಮಕ್ಕಳಿಗೆ ಪಾತ್ರ ದೊರೆತು, ಹಿಂದಿನ ಬೆಂಚಿನವರು ಚಪ್ಪಾಳೆಗಷ್ಟೇ ಉಳಿಯುತ್ತಾರೆ. ಪ್ರದರ್ಶನವನ್ನೇ ಗುರಿಯಾಗಿಸಿಕೊಂಡಿದ್ದ ಹಳ್ಳಿಯ ಮೇಷ್ಟ್ರೂ ಓದಲು ಬಾರದವರನ್ನು ಕೈಬಿಟ್ಟಿರಲಿಲ್ಲ. ಆದ್ದರಿಂದ ಪ್ರದರ್ಶನವೇ ದೋಷವಲ್ಲ, ಆಯ್ಕೆಯ ಕ್ರಮ ದೋಷ. ರಂಗಶಿಕ್ಷಕರ ಕೆಲಸವನ್ನು ವೇದಿಕೆಯ ಮೇಲೆ ಕಂಡವರಿಂದಲ್ಲ, ಬಾಯಿ ಬಿಡಲು ಕಲಿತವರಿಂದ ಅಳೆಯುವುದು ನ್ಯಾಯ.